ಹೂಬಳ್ಳಿಗೆ ಕತ್ತರಿ ಹಾಕುವ ಕಾಲ

ಹೂಬಳ್ಳಿಗಳ ವಿಷಯದಲ್ಲಿ ನಮ್ಮ ಪಟ್ಟಣಗಳ ಮನೆಗಳಲ್ಲಿ ಎರಡು ಪಕ್ಷಗಳಿವೆ. ಒಂದನ್ನು ದಯಾಪಕ್ಷವೆಂದು ಕರೆಯಬಹುದು. ಹೂ ಕೊಡುವ ಬಳ್ಳಿಗೆ ಕಬ್ಬಿಣ ತಾಗಿಸುವುದೇ ಪಾಪವೆಂಬುದು ಇದರ ಮತ. ಇನ್ನೊಂದು ಶುದ್ಧಿಪಕ್ಷ, ಹಬ್ಬ ಹತ್ತಿರ ಬಂದಿತೆಂದರೆ ಗೋಡೆಗೆ ಸುಣ್ಣ ಬಳಿಸಿ, ಅಂಗಳವನ್ನು ಗುಡಿಸಿ, ಅದೇ ಉತ್ಸಾಹದಲ್ಲಿ ಆವರಣದ ಬಳ್ಳಿಗಳನ್ನೆಲ್ಲ ಒಂದೇ ದಿನ ಒಂದೇ ಎತ್ತರಕ್ಕೆ ಕತ್ತರಿಸಿಬಿಡುವುದು ಇದರ ಪದ್ಧತಿ. ಮೊದಲನೆಯ ಪಕ್ಷದವರ ಮನೆಯ ಹೂವು ನೆರೆಮನೆಯ ಮಹಡಿಯವರಿಗೆ ಕಾಣುತ್ತದೆ; ಎರಡನೆಯವರ ಮನೆಯ ಹೂವು ಯಾರಿಗೂ ಕಾಣುವುದಿಲ್ಲ. ಇಬ್ಬರೂ ಬಳ್ಳಿಯನ್ನು ಪ್ರೀತಿಸುವವರೇ. ಆದರೆ ಬಳ್ಳಿಯನ್ನು ಕೇಳಬೇಕಾದ ಒಂದು ಪ್ರಶ್ನೆಯನ್ನು ಇಬ್ಬರೂ ಕೇಳಿಲ್ಲ. ಈ ಬಳ್ಳಿಯಲ್ಲಿ ಹೂವು ಹುಟ್ಟುವುದು ಎಲ್ಲಿ? ಹೊಸ ಕುಡಿಯಲ್ಲಿಯೋ, ಕಳೆದ ಋತುವಿನಲ್ಲಿ ಬೆಳೆದು ಬಲಿತ ಹಂಬಿನಲ್ಲಿಯೋ? ಕತ್ತರಿಯನ್ನು ಯಾವ ತಿಂಗಳಲ್ಲಿ ಕೈಗೆತ್ತಿಕೊಳ್ಳಬೇಕೆಂಬುದು ಈ ಪ್ರಶ್ನೆಯ ಉತ್ತರವನ್ನೇ ಅವಲಂಬಿಸಿದೆ.

ಬಳ್ಳಿಯೆಂದರೆ ಏನೆಂಬುದನ್ನು ಮೊದಲು ಸ್ವಲ್ಪ ವಿಚಾರಿಸೋಣ. ಚಾರ್ಲ್ಸ್ ಡಾರ್ವಿನ್ ಮಹಾಶಯನು 1865ರಲ್ಲಿ ಬಳ್ಳಿಗಳ ಚಲನೆಯನ್ನು ಕುರಿತು ಒಂದು ದೀರ್ಘ ಪ್ರಬಂಧವನ್ನು ಪ್ರಕಟಿಸಿದನು. ಅವುಗಳ ಕುಡಿಗಳು ಆಸರೆಯನ್ನು ಹುಡುಕುತ್ತ ಸುತ್ತುವುದನ್ನು ಗಂಟೆಗಳ ಲೆಕ್ಕದಲ್ಲಿ ಅಳೆದು ಬರೆದಿಟ್ಟ ಗ್ರಂಥ ಅದು. ಮರವು ತನ್ನ ಸಂಪಾದನೆಯ ಬಹುಭಾಗವನ್ನು ಕಾಂಡ ಕಟ್ಟುವುದಕ್ಕೆ ವೆಚ್ಚಮಾಡುತ್ತದೆ. ಬಳ್ಳಿಗೆ ಆ ವೆಚ್ಚವಿಲ್ಲ; ಪರರ ಬೆನ್ನೇರಿ ಬೆಳಕಿಗೆ ಓಡುವುದು ಅದರ ಉಪಾಯ. ಆದುದರಿಂದ ಅದರ ಚೈತನ್ಯವೆಲ್ಲ ತುದಿಯಲ್ಲಿರುತ್ತದೆ. ಚಪ್ಪರದ ನೆತ್ತಿಯಲ್ಲಿ ಹಸಿರು ದಟ್ಟವಾಗುತ್ತದೆ, ಬುಡದಲ್ಲಿ ಬರಿಯ ಹಗ್ಗದಂತಹ ಕಾಲುಗಳು ಉಳಿಯುತ್ತವೆ. ದಯಾಪಕ್ಷದವರ ಹೂವು ನೆರೆಮನೆಗೆ ಹೋಗುವುದಕ್ಕೆ ಕಾರಣವಿಷ್ಟೆ.

ತುದಿಯ ಈ ಯಜಮಾನಿಕೆ ಬರಿಯ ಉಪಮೆಯಲ್ಲ. ಪ್ರತಿಯೊಂದು ಎಲೆಯ ಕಂಕುಳಿನಲ್ಲಿಯೂ ಒಂದು ಕಣ್ಣು ಇರುತ್ತದೆ. ಅದು ಚಿಗುರಬಲ್ಲುದು, ಆದರೂ ಚಿಗುರದೆ ಮಲಗಿರುತ್ತದೆ. 1933ರಲ್ಲಿ ತೀಮನ್ ಮತ್ತು ಸ್ಕೂಗ್ ಎಂಬ ವಿಜ್ಞಾನಿಗಳು ಅವರೆಯ ಜಾತಿಯ ಒಂದು ಗಿಡದ ತುದಿಯನ್ನು ಚಿವುಟಿ, ಆ ಜಾಗದಲ್ಲಿ ಆಕ್ಸಿನ್ ಎಂಬ ಬೆಳವಣಿಗೆಯ ದ್ರವ್ಯವನ್ನಿಟ್ಟರು. ತುದಿಯೇ ಇಲ್ಲದಿದ್ದರೂ ಕೆಳಗಣ ಕಣ್ಣುಗಳು ಏಳಲಿಲ್ಲ. ದ್ರವ್ಯವನ್ನಿಡದೆ ಚಿವುಟಿದ ಗಿಡಗಳಲ್ಲಿ ಎದ್ದುವು. ತುದಿಯಿಂದ ಕೆಳಕ್ಕೆ ಹರಿಯುವ ಈ ಆಜ್ಞೆಯೇ ಕಣ್ಣುಗಳನ್ನು ಮಲಗಿಸಿರುತ್ತದೆ ಎಂದು ಬಹುಕಾಲ ಹೇಳುತ್ತಿದ್ದೆವು. 2014ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಬಟಾಣಿ ಗಿಡದಲ್ಲಿ ಇನ್ನೊಂದು ಸಂಗತಿಯನ್ನು ತೋರಿಸಿಕೊಟ್ಟರು: ಬೆಳೆಯುವ ತುದಿ ಸಕ್ಕರೆಯನ್ನು ತನ್ನತ್ತ ಸೆಳೆದುಕೊಳ್ಳುತ್ತದೆ, ತುದಿ ಹೋದೊಡನೆ ಆ ಸಕ್ಕರೆ ಕಣ್ಣುಗಳಿಗೆ ತಲಪುತ್ತದೆ, ಅವು ಏಳುವುದಕ್ಕೆ ಮೊದಲ ಪ್ರೇರಣೆ ಅದೇ. ಆಜ್ಞೆಯೂ ನಿಜ, ಊಟದ ಹಂಚಿಕೆಯೂ ನಿಜ. ನಮ್ಮ ಕೆಲಸಕ್ಕೆ ತಿಳಿಯತಕ್ಕದ್ದೆಂದರೆ, ಒಂದು ತುದಿಯನ್ನು ತೆಗೆದರೆ ಅದರ ಕೆಳಗಿನ ಎರಡು ಮೂರು ಕಣ್ಣುಗಳು ಎದ್ದು ಅಷ್ಟೇ ಕವಲುಗಳಾಗುತ್ತವೆ. ಕತ್ತರಿಸದೆಯೂ ಈ ಫಲವನ್ನು ಬಹುಮಟ್ಟಿಗೆ ಪಡೆಯುವ ಉಪಾಯವೊಂದುಂಟು. ನೆಟ್ಟಗೆ ಮೇಲೇರುವ ಹಂಬನ್ನು ಅಡ್ಡಲಾಗಿ ಬಾಗಿಸಿ ಕಟ್ಟಿದರೆ ತುದಿಯ ಅಧಿಕಾರ ಕುಗ್ಗಿ, ಉದ್ದಕ್ಕೂ ಕಣ್ಣುಗಳು ಒಡೆಯುತ್ತವೆ. ದಯಾಪಕ್ಷದವರು ಇದನ್ನಾದರೂ ಮಾಡಬಹುದು.

ಇನ್ನು ಕಾಲದ ಮಾತು. ಹೊಸ ಕುಡಿಯಲ್ಲಿ ಹೂ ಬಿಡುವ ಬಳ್ಳಿಯನ್ನು ಅದರ ಬೆಳವಣಿಗೆ ಆರಂಭವಾಗುವ ಮುನ್ನ ಸವರತಕ್ಕದ್ದು. ಎಷ್ಟು ಕುಡಿಗಳೆದ್ದರೆ ಅಷ್ಟು ಹೂವಿನ ಗೊಂಚಲುಗಳು. ಕಳೆದ ಋತುವಿನ ಹಂಬಿನಲ್ಲಿ ಹೂ ಬಿಡುವುದನ್ನಾದರೋ ಹೂವು ಮುಗಿದೊಡನೆಯೇ ಸವರಬೇಕು. ತಡಮಾಡಿದರೆ ಮುಂದಿನ ವರ್ಷದ ಹೂವನ್ನು ಈ ವರ್ಷವೇ ಕಸದ ಬುಟ್ಟಿಗೆ ಹಾಕಿದಂತಾಗುತ್ತದೆ.

ಇಂಗ್ಲಿಷು ಬಲ್ಲ ಗೃಹಸ್ಥರು ಇಲ್ಲಿ ಒಂದು ಆಕ್ಷೇಪಣೆ ತರಬಹುದು. ತೋಟಗಾರಿಕೆಯ ಪುಸ್ತಕಗಳಲ್ಲಿ ತಿಂಗಳು ತಿಂಗಳಿನ ಪಟ್ಟಿಯೇ ಅಚ್ಚಾಗಿರುವಾಗ ಇಷ್ಟೆಲ್ಲ ವಿಚಾರವೇಕೆ? ಆ ಪಟ್ಟಿಗಳು ಇಂಗ್ಲೆಂಡಿನವು. ಅಲ್ಲಿ ವಿಸ್ಟೀರಿಯ ಎಂಬ ನೀಲಿ ಗೊಂಚಲಿನ ಬಳ್ಳಿಯನ್ನು ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಐದಾರು ಎಲೆಗಳಿಗೆ ಮೊಟಕುಗೊಳಿಸಿ, ಮತ್ತೆ ಜನವರಿ ಅಥವಾ ಫೆಬ್ರವರಿಯಲ್ಲಿ ಎರಡು ಮೂರು ಕಣ್ಣುಗಳಿಗೆ ಇಳಿಸುತ್ತಾರೆ. ಆ ನಾಡಿಗೆ ಅದು ಸರಿಯಾದ ವಿಧಿಯೇ. ಲಂಡನ್ನಿನಲ್ಲಿ ಅತಿ ದೀರ್ಘವಾದ ಹಗಲಿಗೂ ಅತಿ ಹ್ರಸ್ವವಾದ ಹಗಲಿಗೂ ಸುಮಾರು ಒಂಬತ್ತು ಗಂಟೆಗಳ ವ್ಯತ್ಯಾಸವಿದೆ. ಬೆಂಗಳೂರಿನಲ್ಲಿ ಆ ವ್ಯತ್ಯಾಸ ಒಂದೂವರೆ ಗಂಟೆ ಮಾತ್ರ. ಅಲ್ಲಿ ಗಿಡಗಳನ್ನು ಮಲಗಿಸುವುದು ಚಳಿ, ಎಬ್ಬಿಸುವುದು ಬಿಸಿಲು. ಇಲ್ಲಿ ಮಲಗಿಸುವುದು ಬಹುಮಟ್ಟಿಗೆ ಒಣಹವೆ, ಎಬ್ಬಿಸುವುದು ನೀರು. ಫರ್ಮಿಂಜರ್ ಪಾದ್ರಿಗಳು 1860ರ ದಶಕದಲ್ಲಿ ಬರೆದ ಹೆಸರಾದ ಗ್ರಂಥ ಹಿಂದೂದೇಶದ್ದೇ ಆದರೂ ಬಂಗಾಳವನ್ನೂ ಉತ್ತರ ಸೀಮೆಯನ್ನೂ ಮನಸ್ಸಿನಲ್ಲಿಟ್ಟುಕೊಂಡು ಹೊರಟದ್ದು. ಅಲ್ಲಿನ ಮಳೆ ಚಳಿಗಳ ಕ್ರಮ ಮೈಸೂರು ಸೀಮೆಯದಲ್ಲ. ನಮ್ಮಲ್ಲಿ ಮಳೆ ಜೂನ್ ತಿಂಗಳಿನಿಂದ ಹಿಡಿದು ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ ಬಲವಾಗಿ ಸುರಿದು, ಕಾರ್ತಿಕ ಕಳೆಯುವಷ್ಟರಲ್ಲಿ ನಿಲ್ಲುತ್ತದೆ. ಈ ಕ್ರಮವನ್ನೇ ಪಂಚಾಂಗವಾಗಿ ಇಟ್ಟುಕೊಳ್ಳಬೇಕು.

ಎಲ್ಲರ ಮನೆಯ ಮಲ್ಲಿಗೆಯಿಂದಲೇ ಆರಂಭಿಸೋಣ. ಮಲ್ಲಿಗೆಯೆಂದು ನಾವು ಒಂದೇ ಹೆಸರಿನಿಂದ ಕರೆಯುವವು ಹಲವು ಜಾತಿಯ ಗಿಡಗಳು. ದುಂಡುಮಲ್ಲಿಗೆಯ ಎಲೆ ಒಂಟಿ, ಅಗಲ. ಜಾಜಿಯದು ಹಲವು ಕಿರುಎಲೆಗಳುಳ್ಳ ಗರಿಯಂತಹ ಎಲೆ. ಸೂಜಿಮಲ್ಲಿಗೆಯ ಎಲೆಯ ಬುಡದಲ್ಲಿ ಎರಡು ಪುಟ್ಟ ಕಿವಿಗಳಂತಹ ಎಸಳುಗಳಿರುತ್ತವೆ. ಸಸ್ಯಶಾಸ್ತ್ರಜ್ಞರು ಅದಕ್ಕೆ ಕಿವಿಯುಳ್ಳದ್ದೆಂಬ ಅರ್ಥದ ಲ್ಯಾಟಿನ್ ಹೆಸರನ್ನೇ ಇಟ್ಟಿದ್ದಾರೆ. ಈ ಮೂರರಲ್ಲಿಯೂ ಹೂವು ಹುಟ್ಟುವುದು ಹೊಸದಾಗಿ ಎದ್ದ ಕವಲಿನ ತುದಿಯಲ್ಲಿ. ದುಂಡುಮಲ್ಲಿಗೆಯ ಕುಡಿಯೊಂದನ್ನು ಹಿಡಿದು ನೋಡಿದರೆ ತುದಿಯಲ್ಲಿ ಸಾಮಾನ್ಯವಾಗಿ ಮೂರು ಮೊಗ್ಗುಗಳು ಕಾಣುತ್ತವೆ. ನಡುವಿನದು ಮೊದಲು ಅರಳುತ್ತದೆ. ಹೂವು ಮುಗಿದರೆ ಆ ತುದಿಯ ಕೆಲಸ ಮುಗಿಯಿತು. ಮತ್ತೆ ಹೂವು ಬೇಕಾದರೆ ಪಕ್ಕದಲ್ಲಿ ಹೊಸ ಕವಲೇ ಏಳಬೇಕು. ಹೀಗಿರುವಾಗ ಮಲ್ಲಿಗೆಯನ್ನು ಸವರದೆ ಬಿಡುವುದು ದಯೆಯೆನಿಸುವುದಿಲ್ಲ.

ಕಾಲವೆಂದರೆ, ಮೂರಕ್ಕೂ ಒಂದೇ ಕಾಲವಲ್ಲ. ಹೊಲದಲ್ಲಿ ಹೂ ಬೆಳೆಯುವವರಿಗೆ ಕೊಯಮುತ್ತೂರಿನ ಕೃಷಿ ವಿಶ್ವವಿದ್ಯಾನಿಲಯದವರು ಕೊಡುವ ಸಲಹೆ ಹೀಗಿದೆ: ದುಂಡುಮಲ್ಲಿಗೆಯನ್ನು ನವೆಂಬರ್ ತಿಂಗಳ ಕಡೆಯ ವಾರದಲ್ಲಿ, ಜಾಜಿಯನ್ನು ಡಿಸೆಂಬರ್ ಕಡೆಯ ವಾರದಲ್ಲಿ, ಸೂಜಿಮಲ್ಲಿಗೆಯನ್ನು ಜನವರಿ ಕಡೆಯ ವಾರದಲ್ಲಿ, ನೆಲದಿಂದ ಸುಮಾರು ಒಂದೂವರೆ ಅಡಿ ಎತ್ತರಕ್ಕೆ ಕತ್ತರಿಸಬೇಕು. ದುಂಡುಮಲ್ಲಿಗೆ ಯುಗಾದಿಯ ಸುತ್ತಿನಲ್ಲಿ ಹೂವಿಗೆ ಬರುತ್ತದೆ, ಸೂಜಿಮಲ್ಲಿಗೆ ಇನ್ನೂ ತಡವಾಗಿ ಬರುತ್ತದೆ. ಅದಕ್ಕೆ ತಕ್ಕಂತೆ ಕತ್ತರಿಯೂ ಹಿಂದುಮುಂದಾಗುತ್ತದೆ. ಮನೆಯ ಚಪ್ಪರದ ಬಳ್ಳಿಯನ್ನು ಒಂದೂವರೆ ಅಡಿಗೆ ಇಳಿಸಬೇಕಾಗಿಲ್ಲ. ಚಪ್ಪರದ ಮೇಲೆ ಹರಡಿರುವ ನಾಲ್ಕಾರು ಮುಖ್ಯ ಹಂಬುಗಳನ್ನು ಉಳಿಸಿಕೊಂಡು, ಅವುಗಳಿಂದ ಹೊರಟ ಪಕ್ಕದ ಕವಲುಗಳನ್ನೆಲ್ಲ ಎರಡು ಅಥವಾ ಮೂರು ಗೆಣ್ಣುಗಳಿಗೆ ಮೊಟಕುಮಾಡಿದರೆ ಸಾಕು. ಕತ್ತರಿಸುವುದಕ್ಕೆ ಕೆಲವು ದಿನ ಮುಂಚೆ ನೀರನ್ನು ನಿಲ್ಲಿಸಬೇಕು. ಕತ್ತರಿಸಿದ ಮೇಲೆ ಉಳಿದ ಎಲೆಗಳನ್ನು ಕಿತ್ತು, ಬುಡವನ್ನು ಕೆದಕಿ, ಕಳಿತ ಗೊಬ್ಬರವನ್ನು ಕೊಟ್ಟು, ಆಮೇಲೆ ಧಾರಾಳವಾಗಿ ನೀರು ಹಾಕಬೇಕು. ನೀರು ನಿಲ್ಲಿಸುವುದರಿಂದ ಬಳ್ಳಿ ಮಲಗುತ್ತದೆ, ಕೊಡುವುದರಿಂದ ಏಳುತ್ತದೆ. ಇಂಗ್ಲೆಂಡಿನಲ್ಲಿ ಹಿಮ ಮಾಡುವ ಕೆಲಸವನ್ನು ಇಲ್ಲಿ ನಮ್ಮ ಕೊಳಾಯಿ ಮಾಡಬೇಕಾಗಿದೆ.

ಸವರಿದ ಮಲ್ಲಿಗೆ ನೋಡುವುದಕ್ಕೆ ಕಷ್ಟವೆಂಬುದು ದಿಟ. ಮಾರ್ಗಶಿರದಲ್ಲಿ ಚಪ್ಪರವೆಲ್ಲ ಬರಿದಾಗಿ ಕಡ್ಡಿಗಳು ನಿಂತಿರುತ್ತವೆ. ಮನೆಯ ಹೆಂಗಸರು ಮಾಲಿಯನ್ನು ಬಯ್ಯುತ್ತಾರೆ. ಮಾಲಿ ಆ ವೇಳೆಯಲ್ಲಿ ಸುಮ್ಮನಿರುವುದೇ ಲೇಸು.

ಈಗ ಇದಕ್ಕೆ ವಿರುದ್ಧವಾದ ಉದಾಹರಣೆ. ಜನವರಿ, ಫೆಬ್ರವರಿ ತಿಂಗಳುಗಳಲ್ಲಿ ಬೆಂಗಳೂರಿನ ಹಳೆಯ ಬಂಗಲೆಗಳ ಗೋಡೆಗಳ ಮೇಲೆ ಕಿತ್ತಳೆಯ ಬಣ್ಣದ ಸಣ್ಣ ಕೊಳವೆಗಳು ರಾಶಿರಾಶಿಯಾಗಿ ಇಳಿಬಿದ್ದಿರುವುದನ್ನು ಕಂಡಿರಬಹುದು. ಇದು ಬ್ರೆಜಿಲ್ ಸೀಮೆಯ ಬಳ್ಳಿ. ಪೈರೋಸ್ಟೀಜಿಯ ಎಂದು ಶಾಸ್ತ್ರೀಯ ನಾಮ, ಹಳೆಯ ಮಾಲಿಗಳು ಬಿಗ್ನೋನಿಯ ಎಂದೇ ಕರೆಯುತ್ತಿದ್ದರು. ನಮ್ಮ ಪರಿಚಿತರೊಬ್ಬರ ಮನೆಯಲ್ಲಿ ಇದು ದಿವ್ಯವಾಗಿ ಬೆಳೆದಿತ್ತು. ಎಲೆ ಹಸಿರು, ಬುಡ ದಪ್ಪ, ರೋಗವಿಲ್ಲ, ಗೊಬ್ಬರಕ್ಕೂ ಕಡಮೆಯಿಲ್ಲ. ಆದರೆ ಅವರು ಆ ಮನೆಗೆ ಬಂದು ಮೂರು ವರ್ಷಗಳಾಗಿದ್ದರೂ ಒಂದು ಹೂವನ್ನೂ ಕಂಡಿರಲಿಲ್ಲ. ಬಳ್ಳಿ ಗೊಡ್ಡೆಂದು ನಿಶ್ಚಯಿಸಿ ಬುಡಸಹಿತ ಕೀಳಿಸುವುದರಲ್ಲಿದ್ದರು. ವಿಚಾರಿಸಿದಾಗ ತಿಳಿದದ್ದೆಂದರೆ, ದೀಪಾವಳಿಗೆ ಒಂದು ವಾರ ಮುಂಚೆ ಮಾಲಿ ಪ್ರತಿವರ್ಷವೂ ಗೋಡೆಗೆ ಸಮನಾಗಿ ಅದನ್ನು ಕತ್ತರಿಸುತ್ತಿದ್ದನು. ಈ ಬಳ್ಳಿ ಮಳೆಗಾಲದಲ್ಲಿ ಉದ್ದನೆಯ ಹಂಬುಗಳನ್ನು ಬಿಟ್ಟು, ಅವು ಬಲಿತ ಮೇಲೆ ಚಳಿಗಾಲದಲ್ಲಿ ಅವುಗಳ ತುದಿಯಲ್ಲಿಯೇ ಹೂಗೊಂಚಲನ್ನು ಕಟ್ಟುತ್ತದೆ. ಮಾಲಿ ಎತ್ತಿ ಒಗೆಯುತ್ತಿದ್ದುದು ಆ ತುದಿಗಳನ್ನೇ. ಕೀಳಿಸಬೇಡಿರೆಂದೂ, ಆ ವರ್ಷ ಕತ್ತರಿ ಮುಟ್ಟಬೇಡಿರೆಂದೂ ಹೇಳಿದೆವು. ದೀಪಾವಳಿಗೆ ಬಂದ ನೆಂಟರು ಆ ಗೋಡೆಯ ಅವ್ಯವಸ್ಥೆಯನ್ನು ಟೀಕಿಸಿದರಂತೆ. ಸಂಕ್ರಾಂತಿ ಕಳೆದು ಎರಡು ವಾರಕ್ಕೆ ಗೋಡೆಯೇ ಕಾಣದಷ್ಟು ಹೂವಾಯಿತು. ಈಗ ಅವರು ಹೂವು ಉದುರಿದೊಡನೆ, ಎಂದರೆ ಫೆಬ್ರವರಿಯ ಕೊನೆಯಲ್ಲಿಯೋ ಮಾರ್ಚಿಯಲ್ಲಿಯೋ, ಬಲವಾಗಿ ಸವರಿಸುತ್ತಾರೆ. ಮುಂಗಾರಿನ ಹೊತ್ತಿಗೆ ಹೊಸ ಹಂಬುಗಳು ಹೊರಡುತ್ತವೆ, ಜೂನ್ ಕಳೆದ ಮೇಲೆ ಯಾರೂ ಅದನ್ನು ಮುಟ್ಟುವುದಿಲ್ಲ.

ಬೂಗನ್‌ವಿಲಿಯ ಇನ್ನೂ ಕುತೂಹಲಕರವಾದುದು. 1760ರ ದಶಕದಲ್ಲಿ ಫ್ರೆಂಚ್ ನಾವಿಕನಾದ ಬೂಗನ್‌ವಿಲ್ಲನ ಭೂಪ್ರದಕ್ಷಿಣೆಯಲ್ಲಿ ಜೊತೆಗಿದ್ದ ಕಾಮರ್ಸನ್ ಎಂಬ ಸಸ್ಯಶಾಸ್ತ್ರಜ್ಞನು ಬ್ರೆಜಿಲಿನಲ್ಲಿ ಇದನ್ನು ಸಂಗ್ರಹಿಸಿದನು. ನಾವು ಹೂವೆಂದು ಭ್ರಮಿಸುವ ಬಣ್ಣದ ಕಾಗದದಂತಹ ದಳಗಳು ನಿಜವಾಗಿ ಎಲೆಯ ರೂಪಾಂತರ. ಅವುಗಳ ನಡುವೆ ಇರುವ ಮೂರು ಸಣ್ಣ ಬಿಳಿಯ ಕೊಳವೆಗಳೇ ಹೂಗಳು. ಅದರ ಮುಳ್ಳೂ ಹೂಗೊಂಚಲೂ ಹುಟ್ಟುವ ಸ್ಥಾನ ಒಂದೇ, ಎಲೆಯ ಕಂಕುಳು. ಬಳ್ಳಿ ನೀರುಂಡು ಭರದಿಂದ ಓಡುತ್ತಿರುವಾಗ ಆ ಸ್ಥಾನದಲ್ಲಿ ಮುಳ್ಳಾಗುತ್ತದೆ. ಓಟ ತಗ್ಗಿದಾಗ ಅದೇ ಸ್ಥಾನದಲ್ಲಿ ಹೂವಾಗುತ್ತದೆ. ಆದುದರಿಂದ ನಿತ್ಯವೂ ನೀರೆರೆದು ಹೂವಿಲ್ಲವೆಂದು ಕೊರಗುವವರು ಮುಳ್ಳನ್ನೇ ಸಾಕುತ್ತಿದ್ದಾರೆಂದು ತಿಳಿಯಬೇಕು. ಬೇಸಗೆಯ ಹೂವು ಮುಗಿದು ಮಳೆ ಹಿಡಿಯುವ ಸಮಯದಲ್ಲಿ ಇದನ್ನು ಚೆನ್ನಾಗಿ ಸವರಬಹುದು. ಮಳೆಗಾಲದಲ್ಲಿ ಬೆಳೆದ ಕವಲುಗಳು ಒಣಹವೆ ಬಂದೊಡನೆ ಬಣ್ಣ ತೊಡುತ್ತವೆ. ಆಮೇಲೆ ಪ್ರತಿಸಲ ಹೂವು ಉದುರಿದಾಗಲೂ ತುದಿಗಳನ್ನು ಸ್ವಲ್ಪ ಚಿವುಟಿದರೆ ಇನ್ನೊಂದು ಸುತ್ತು ಹೂವು ಬರುತ್ತದೆ.

ಉಳಿದವುಗಳನ್ನು ಬೇಗ ಮುಗಿಸೋಣ. ಸಂಜೆಗೆ ಬಿಳಿಯಾಗಿ ಅರಳಿ ಮರುದಿನ ಗುಲಾಬಿಯಾಗಿ ಆಮೇಲೆ ಕೆಂಪಾಗುವ ರಂಗೂನ್ ಮಲ್ಲಿಗೆ, ಹೆಸರಿಗೆ ಮಲ್ಲಿಗೆಯಾದರೂ ಆ ಕುಲದ್ದಲ್ಲ. ಹೊಸ ಕುಡಿಯಲ್ಲಿ ಹೂ ಬಿಡುವುದರಿಂದ ಚಳಿಗಾಲದಲ್ಲಿ ಎಷ್ಟು ಸವರಿದರೂ ಸಹಿಸುತ್ತದೆ. ನೀಲಿಯ ಪೆಟ್ರಿಯವನ್ನೂ, ದೊಡ್ಡ ಬಿಳಿಯ ಕಹಳೆಯಂತಹ ಬೋಮಾಂಟಿಯವನ್ನೂ ಹೂವಾದ ಮೇಲೆಯೇ ಮುಟ್ಟತಕ್ಕದ್ದು. ನಮ್ಮ ಪಶ್ಚಿಮಘಟ್ಟಗಳದ್ದೇ ಆದ, ಮೈಸೂರಿನ ಹೆಸರನ್ನೇ ಹೊತ್ತ ಥನ್‌ಬರ್ಜಿಯವೊಂದುಂಟು. ಕೆಂಪು ಹಳದಿಯ ಹೂಗಳು ಉದ್ದವಾದ ಸರಗಳಲ್ಲಿ ಕೆಳಕ್ಕೆ ತೂಗುತ್ತವೆ, ಸೂರಕ್ಕಿಗಳು ಬಂದು ಜೋತುಬೀಳುತ್ತವೆ. ಇದಕ್ಕೆ ಕತ್ತರಿಗಿಂತ ಎತ್ತರವಾದ ಚಪ್ಪರ ಮುಖ್ಯ; ಸವರುವುದೇನಿದ್ದರೂ ಸರಗಳು ಮುಗಿದ ಮೇಲೆ. ಹೋಯ ಎಂಬ ಮೇಣದ ಹೂವಿನ ಬಳ್ಳಿಯಲ್ಲಿ ಮಾತ್ರ ಒಣಗಿದಂತೆ ಕಾಣುವ ಹೂತೊಟ್ಟನ್ನು ಎಂದಿಗೂ ಕತ್ತರಿಸಬಾರದು. ಮುಂದಿನ ಸಲದ ಹೂಗೊಂಚಲು ಅದೇ ತೊಟ್ಟಿನ ತುದಿಯಲ್ಲಿ ಬರುತ್ತದೆ.

ಹೆಸರೇ ತಿಳಿಯದ ಬಳ್ಳಿ ಮನೆಯಲ್ಲಿದ್ದರೆ ಏನು ಮಾಡುವುದು? ಒಂದು ವರ್ಷ ಕತ್ತರಿಯನ್ನು ಒಳಗಿಟ್ಟು, ಬಣ್ಣದ ನೂಲನ್ನು ತೆಗೆದುಕೊಳ್ಳಿ. ಮುಂಗಾರಿನಲ್ಲಿ ಎದ್ದ ನಾಲ್ಕು ಕುಡಿಗಳಿಗೆ ಕೆಂಪು ನೂಲು, ದೀಪಾವಳಿಯ ತರುವಾಯ ಎದ್ದವುಗಳಿಗೆ ಹಸಿರು ನೂಲು, ಯುಗಾದಿಯ ಹೊತ್ತಿಗೆ ಎದ್ದವುಗಳಿಗೆ ಬಿಳಿಯ ನೂಲು ಕಟ್ಟಿ, ತಾರೀಖನ್ನು ಗುರುತುಹಾಕಿಕೊಳ್ಳಬೇಕು. ಯಾವ ನೂಲಿನ ಹಂಬಿನಲ್ಲಿ ಹೂವು ಬಂದಿತೋ ಅದು ಬಳ್ಳಿಯ ಉತ್ತರ. ನಮ್ಮ ತರಗತಿಯ ವಿದ್ಯಾರ್ಥಿಗಳಿಗೆ ಇದನ್ನು ಹೇಳಿದಾಗ ನಕ್ಕವರುಂಟು. ಮಾಡಿ ನೋಡಿದವರು ಪುಸ್ತಕದಲ್ಲಿ ಓದಿದ್ದಕ್ಕಿಂತ ಹೆಚ್ಚು ಕಲಿತರು.

ಇನ್ನೊಂದು ಪ್ರಸಂಗ ಉಳಿದಿದೆ, ಕೋಮಲವಾದದ್ದು. ಅನೇಕ ಮನೆಗಳಲ್ಲಿ ಮೂವತ್ತು ನಲವತ್ತು ವರ್ಷಗಳ ಹಿಂದೆ ತಾಯಿಯೋ ಅತ್ತೆಯೋ ನೆಟ್ಟ ಮಲ್ಲಿಗೆ ಇರುತ್ತದೆ. ನೆಟ್ಟವರು ಈಗ ಇಲ್ಲ. ಅದನ್ನು ಕತ್ತರಿಸುವುದೆಂದರೆ ಮನೆಯವರ ಮನಸ್ಸು ಒಪ್ಪುವುದಿಲ್ಲ. ಬುಡದಲ್ಲಿ ಬಳ್ಳಿ ಮರದಂತಾಗಿ, ಒಳಗೆ ಒಣಕಡ್ಡಿ ತುಂಬಿ, ಗಾಳಿ ಬೆಳಕುಗಳಿಲ್ಲದೆ ಹೂವು ವರ್ಷ ವರ್ಷಕ್ಕೂ ಕಡಮೆಯಾಗುತ್ತದೆ. ಸ್ಮಾರಕವೆಂದು ಉಳಿಸಿಕೊಂಡದ್ದು ಕಣ್ಣೆದುರಿಗೇ ಸಾಯುತ್ತದೆ. ಇಂತಹ ಬಳ್ಳಿಯನ್ನು ಒಮ್ಮೆಗೇ ನೆಲಸಮ ಮಾಡುವುದು ಅಪಾಯ. ಹಳೆಯ ಬೇರು ಅದನ್ನು ತಾಳದೆ ಹೋಗಬಹುದು. ಮೂರು ವರ್ಷಗಳ ಯೋಜನೆಯನ್ನು ಹಾಕಿಕೊಳ್ಳಬೇಕು. ಮೊದಲ ವರ್ಷ ಒಣಗಿದ್ದನ್ನೆಲ್ಲ ತೆಗೆದು, ಬದುಕಿರುವ ಹಳೆಯ ಹಂಬುಗಳಲ್ಲಿ ಮೂರರಲ್ಲೊಂದು ಪಾಲನ್ನು, ಅತ್ಯಂತ ಮುದಿಯಾದವನ್ನು ಆರಿಸಿ, ಬುಡದ ಬಳಿ ಕತ್ತರಿಸುವುದು. ಒಳಕ್ಕೆ ಬೆಳಕು ಬಿದ್ದೊಡನೆ ಬುಡದಿಂದ ಹೊಸ ಚಿಗುರು ಏಳುತ್ತದೆ. ಅವುಗಳಲ್ಲಿ ಬಲವಾದ ಎರಡು ಮೂರನ್ನು ಚಪ್ಪರಕ್ಕೆ ಹತ್ತಿಸುವುದು. ಮುಂದಿನ ವರ್ಷ ಇನ್ನೊಂದು ಪಾಲು, ಅದರ ಮುಂದಿನ ವರ್ಷ ಮೂರನೆಯದು. ಮೂರು ವರ್ಷ ಕಳೆಯುವಷ್ಟರಲ್ಲಿ ಬೇರು ನೆಟ್ಟವರದೇ ಆಗಿರುತ್ತದೆ, ಹಂಬೆಲ್ಲ ಹೊಸದಾಗಿರುತ್ತದೆ. ನಡುವೆ ಒಂದು ವರ್ಷವೂ ಹೂವು ತಪ್ಪಿಹೋಗುವುದಿಲ್ಲ.

ಕೈಕೆಲಸದ ವಿಷಯ ಎರಡು ಮಾತು ಸಾಕು. ಕತ್ತರಿ ಹರಿತವಾಗಿರಬೇಕು, ಮೊಂಡು ಕತ್ತರಿ ಹಂಬನ್ನು ಜಜ್ಜುತ್ತದೆ, ಜಜ್ಜಿದಲ್ಲಿ ಕೊಳೆ ಹತ್ತುತ್ತದೆ. ಕಾಯಿಲೆಯ ಬಳ್ಳಿಯಿಂದ ಇನ್ನೊಂದಕ್ಕೆ ಹೋಗುವಾಗ ಅಲುಗನ್ನು ಸ್ಪಿರಿಟಿನಿಂದ ಒರಸಬೇಕು. ಮಲ್ಲಿಗೆಯಲ್ಲಿ ಎಲೆಗಳು ಎದುರುಬದುರಾಗಿ ಜೋಡಿಯಾಗಿರುವುದರಿಂದ ಗೆಣ್ಣಿನ ಸ್ವಲ್ಪ ಮೇಲೆ ನೇರವಾಗಿ ಕತ್ತರಿಸಿದರೆ ಎರಡು ಕಣ್ಣುಗಳೂ ಏಳುತ್ತವೆ. ಬೂಗನ್‌ವಿಲಿಯದಲ್ಲಿ ಎಲೆಗಳು ಒಂದಾದ ಮೇಲೊಂದರಂತೆ ಇರುವುದರಿಂದ ಕಣ್ಣಿನ ಕಾಲು ಅಂಗುಲ ಮೇಲೆ, ಕಣ್ಣಿಗೆ ನೀರು ಇಳಿಯದಂತೆ ಆಚೆ ಕಡೆಗೆ ಓರೆಯಾಗಿ ಕತ್ತರಿಸಬೇಕು. ಕತ್ತರಿಸಿದ ಮಲ್ಲಿಗೆಯ ಹಂಬುಗಳನ್ನು ಎಸೆಯಬೇಕಾಗಿಲ್ಲ. ಹೆಚ್ಚು ಎಳೆಯದೂ ಅಲ್ಲದ, ಮುದಿಯದೂ ಅಲ್ಲದ ತುಂಡುಗಳನ್ನು ಮೂರು ನಾಲ್ಕು ಗೆಣ್ಣುಗಳಿರುವಂತೆ ಆರಿಸಿ, ಎರಡು ಗೆಣ್ಣು ಮಣ್ಣಿನೊಳಗಿರುವಂತೆ ಮರಳು ಬೆರೆಸಿದ ಕುಂಡದಲ್ಲಿ ನೆರಳಿನಲ್ಲಿ ನೆಟ್ಟು ತೇವ ಆರದಂತೆ ನೋಡಿಕೊಂಡರೆ, ಹಲವು ಬೇರು ಬಿಡುತ್ತವೆ. ಮಹಡಿಯ ಮೇಲಿನಿಂದ ಇಷ್ಟು ವರ್ಷ ನಮ್ಮ ಹೂವನ್ನು ನೋಡಿದ ನೆರೆಮನೆಯವರಿಗೆ ಒಂದು ಕುಂಡವನ್ನು ಕೊಟ್ಟರಾಯಿತು.